55 ಲಕ್ಷಕ್ಕೆ ಕೇಳ್ತಿದ್ದಾರೆ: ಕೊಡೋದಾ, ಕಾಯೋದಾ, ಬಾಡಿಗೆಗೆ ಬಿಡೋದಾ?

2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಫ್ಲ್ಯಾಟ್ ನೋಡಲು ಒಬ್ಬರು ಬಂದರು. ಬೆಂಗಳೂರಿನ ಔಟರ್ ರಿಂಗ್ ರೋಡ್ ಹತ್ತಿರ, ಎರಡು ಬೆಡ್‌ರೂಮಿನ ಮನೆ. ಲಾಕ್‌ಡೌನ್ ಆಗಿ ಐಟಿಯವರೆಲ್ಲ ಲಗೇಜು ಕಟ್ಟಿಕೊಂಡು ಊರು ಸೇರಿದ್ದರು, ನಮ್ಮ ಬ್ಲಾಕಿನಲ್ಲೇ ಆರೇಳು ಮನೆಗೆ 'ಟು ಲೆಟ್' ಬೋರ್ಡು ನೇತಾಡುತ್ತಿತ್ತು. ನಾನೂ ಮೈಸೂರಿಗೆ ಅಪ್ಪ ಅಮ್ಮನ ಹತ್ತಿರ ಬಂದುಬಿಟ್ಟಿದ್ದೆ. 68 ಲಕ್ಷ ಹೇಳಿದ್ದೆ. ಅವರು ಮನೆಯೆಲ್ಲ ಸುತ್ತಿ, ನಲ್ಲಿ ತಿರುಗಿಸಿ ನೋಡಿ, ಬಾಲ್ಕನಿಯಲ್ಲಿ ನಿಂತು "55ಕ್ಕೆ ಆಗುತ್ತಾ ಸರ್?" ಅಂದರು. ಲೋನ್ ಬೇಡ, ದುಡ್ಡು ಬ್ಯಾಂಕಲ್ಲಿದೆ, ಒಂದೂವರೆ ತಿಂಗಳಲ್ಲಿ ರಿಜಿಸ್ಟ್ರೇಷನ್ ಮುಗಿಸೋಣ ಅಂತಲೂ ಹೇಳಿದರು. ನನಗೆ ಮೈ ಉರಿದುಹೋಯಿತು. "ಆ ರೇಟಿಗೆ ಸಿಗೋದಾದ್ರೆ ನಾನೇ ಇನ್ನೊಂದು ತಗೊಳ್ತೀನಿ" ಅಂತ ಹೇಳಿ ಕಳಿಸಿಬಿಟ್ಟೆ.

ಅವರು ಎರಡು ತಿಂಗಳಲ್ಲಿ ನಮ್ಮ ಕೆಳಗಿನ ಮಹಡಿಯ ಮನೆಯನ್ನೇ 56ಕ್ಕೆ ತಗೊಂಡರು. ಆಮೇಲೆ ಬಂದ ಪ್ರತಿಯೊಬ್ಬರೂ ನನ್ನ ಮುಂದೆ ಹೇಳಿದ್ದು ಒಂದೇ ಮಾತು: "ಕೆಳಗಿನದು 56ಕ್ಕೆ ಹೋಗಿದೆಯಂತಲ್ಲ." ಅಂದರೆ ನಾನು ಬೈದು ಕಳಿಸಿದವರೇ ನನ್ನ ಮನೆಯ ರೇಟು ಬರೆದುಬಿಟ್ಟಿದ್ದರು. ಕೊನೆಗೆ 2021ರ ಏಪ್ರಿಲ್ ಮೊದಲ ವಾರದಲ್ಲಿ 57ಕ್ಕೆ ಮಾರಿದೆ.

ಎರಡು ಲಕ್ಷ ಜಾಸ್ತಿ ಸಿಕ್ತಲ್ಲ ಅಂತೀರಾ? ಲೆಕ್ಕ ಹಾಕಿ ನೋಡೋಣ ಬನ್ನಿ.

ಮೊದಲು ತಿಂಗಳ ಖರ್ಚು

ನನಗೆ ಇನ್ನೂ 30 ಲಕ್ಷ ಲೋನ್ ಬಾಕಿ ಇತ್ತು, ಬಡ್ಡಿ 8%. ತಿಂಗಳಿಗೆ ಬಡ್ಡಿಯೇ 20,000. (ಇಎಂಐಯಲ್ಲಿ ಅಸಲಿನ ಭಾಗವನ್ನು ಲೆಕ್ಕಕ್ಕೆ ತಗೋಬೇಡಿ, ಅದು ನಿಮ್ಮ ದುಡ್ಡೇ, ಎಲ್ಲೂ ಹೋಗಲ್ಲ.) ಮೇಂಟೆನೆನ್ಸ್ 4,000. ಆಸ್ತಿ ತೆರಿಗೆ ತಿಂಗಳಿಗೆ ಹಂಚಿದರೆ ಸುಮಾರು 500. ಆಮೇಲೆ ಎಲ್ಲರೂ ಮರೆಯೋದು ಇನ್ನೊಂದಿದೆ. 55ಕ್ಕೆ ಮಾರಿದ್ದರೆ ಲೋನ್ ತೀರಿ 25 ಲಕ್ಷ ಕೈಗೆ ಬರುತ್ತಿತ್ತು, ಅದನ್ನು ಎಫ್‌ಡಿಯಲ್ಲಿ ಇಟ್ಟಿದ್ದರೂ ಆಗಿನ ಸುಮಾರು 5.5% ಬಡ್ಡಿಗೆ ತಿಂಗಳಿಗೆ 11,500 ಬರುತ್ತಿತ್ತು. ಎಲ್ಲ ಕೂಡಿದರೆ 36,000. ಖಾಲಿ ಮನೆಗೆ ಬೀಗ ಹಾಕಿ ಇಟ್ಟುಕೊಳ್ಳಲು ತಿಂಗಳಿಗೆ 36,000 ಕೊಡುತ್ತಿದ್ದೆ, ಒಂದು ದಿನವೂ ಅದರಲ್ಲಿ ಮಲಗದೆ.

ಏಳು ತಿಂಗಳಿಗೆ 2,52,000. 57 ಲಕ್ಷದಲ್ಲಿ ಅದನ್ನು ಕಳೆದರೆ 54,48,000. ಮೊದಲನೆಯವರಿಗೆ 55ಕ್ಕೆ ಕೊಟ್ಟಿದ್ದರೆ ಒಂದೂವರೆ ತಿಂಗಳ ಖರ್ಚು 54,000 ಕಳೆದು 54,46,000. ಏಳು ತಿಂಗಳು ಒದ್ದಾಡಿ, ಮೈಸೂರು ಬೆಂಗಳೂರು ಓಡಾಡಿ, ನಾನು ಸಂಪಾದಿಸಿದ್ದು 2,000 ರೂಪಾಯಿ. ಪೆಟ್ರೋಲಿಗೇ ಅದಕ್ಕಿಂತ ಜಾಸ್ತಿ ಹೋಗಿತ್ತು.

ಹಾಗಂತ 55ಕ್ಕೇ ಕೊಟ್ಟುಬಿಡಬೇಕಿತ್ತು ಅಂತ ನಾನು ಹೇಳಲ್ಲ. ಆತ ಕೊನೆಗೆ 56 ಕೊಟ್ಟರಲ್ಲ, ಅಂದರೆ ಕೈಯಲ್ಲಿ ಇನ್ನೂ ಜಾಗ ಇತ್ತು. ನಾನು ಮಾತು ಮುರಿದು ಕಳಿಸಿದ್ದರಿಂದ ಆ ಜಾಗ ಎಷ್ಟಿತ್ತು ಅಂತ ಗೊತ್ತಾಗಲೇ ಇಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ ಇದು. ಒಂದು ಹಾಳೆಯಲ್ಲಿ ನಿಮ್ಮ ಮನೆಯ ತಿಂಗಳ ಖರ್ಚು ಬರೆಯಿರಿ. ಆಮೇಲೆ ಯಾರು ಎಷ್ಟೇ ಕೇಳಲಿ, ಆ ಮೊತ್ತದಿಂದ ದುಡ್ಡು ಕೈಗೆ ಬರುವವರೆಗಿನ ಖರ್ಚು ಕಳೆದು, ಉಳಿದದ್ದನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ನೀವು ಹೇಳಿದ 68 ಆ ಹಾಳೆಯಲ್ಲಿ ಎಲ್ಲೂ ಬರಬಾರದು. ಅದು ನಿಮ್ಮ ಆಸೆ ಅಷ್ಟೇ, ಅದನ್ನು ಕೊಡೋಕೆ ಯಾರೂ ಬಂದಿಲ್ಲ.

ಮೂರು ಪಾರ್ಟಿ, ಮೂರು ರೇಟು

ಅದೇ ಮನೆಗೆ ಮೂರು ಜನ ಒಟ್ಟಿಗೆ ಬಂದಿದ್ದಾರೆ ಅಂದುಕೊಳ್ಳಿ. ಮೊದಲನೆಯವರು 55, ದುಡ್ಡು ರೆಡಿ, ಒಂದೂವರೆ ತಿಂಗಳು. ಎರಡನೆಯವರು 60, ಆದರೆ ಬ್ಯಾಂಕ್ ಲೋನ್ ಆಗಬೇಕು, ಎರಡು ತಿಂಗಳು. ಮೂರನೆಯವರು 62, ಆದರೆ ಅವರ ಹಳೇ ಮನೆ ಮಾರಿ ಆಮೇಲೆ ಕೊಡ್ತಾರೆ, ಆರು ತಿಂಗಳು ಕೇಳ್ತಿದ್ದಾರೆ.

ಖರ್ಚು ಕಳೆದರೆ ಮೊದಲನೆಯದು 54.46, ಎರಡನೆಯದು 59.28, ಮೂರನೆಯದು 59.84. ನೋಡಿದಿರಾ, 60ಕ್ಕೂ 62ಕ್ಕೂ ಇದ್ದ ಎರಡು ಲಕ್ಷ ಈಗ ಬರೀ ಐವತ್ತಾರು ಸಾವಿರ ಆಯಿತು. ಆ ಐವತ್ತಾರು ಸಾವಿರಕ್ಕೆ ನೀವು ಆರು ತಿಂಗಳು ಇನ್ನೊಬ್ಬರ ಮನೆ ಮಾರಾಟ ಆಗಲಿ ಅಂತ ದೇವರಿಗೆ ಕೈ ಮುಗಿಯಬೇಕು. ಬಿದ್ದುಹೋಗುತ್ತಿರುವ ಮಾರ್ಕೆಟ್ಟಿನಲ್ಲಿ ಅವರಿಗೂ ನಿಮ್ಮ ಹಾಗೇ ಕಮ್ಮಿ ರೇಟು ಕೇಳುವವರೇ ಬರ್ತಾರೆ ಅನ್ನೋದು ಮರೀಬೇಡಿ. ಅವರು ಅಲ್ಲಿ ಕಳ್ಕೊಂಡಿದ್ದನ್ನು ಇಲ್ಲಿ ನಿಮ್ಮ ಹತ್ತಿರ ಕಿತ್ತುಕೊಳ್ಳೋಕೆ ಬರ್ತಾರೆ. ನಾನಾದರೆ ಮೂರನೆಯವರನ್ನು ನಯವಾಗಿ "ಮನೆ ಮಾರಾಟದ ಅಗ್ರಿಮೆಂಟ್ ಆದ ಮೇಲೆ ಬನ್ನಿ, ನಮ್ಮದು ಉಳಿದಿದ್ದರೆ ಮಾತಾಡೋಣ" ಅಂತೀನಿ.

ಎರಡನೆಯವರೇ ಒಳ್ಳೆಯವರಾ ಹಾಗಾದ್ರೆ? ಇಲ್ಲೊಂದು ಗುಂಡಿ ಇದೆ. ಬ್ಯಾಂಕಿನವರು ಅಗ್ರಿಮೆಂಟಿನ ಬೆಲೆ ನೋಡಿ ಲೋನ್ ಕೊಡಲ್ಲ, ಅವರದೇ ವ್ಯಾಲ್ಯುಯರ್ ಬಂದು ಅಳೆದು ಬೆಲೆ ಕಟ್ತಾರೆ. ರೇಟು ಇಳಿಯುವಾಗ ವ್ಯಾಲ್ಯುಯರ್ ಕೈ ಬಿಗಿಯಾಗುತ್ತೆ. 30ರಿಂದ 75 ಲಕ್ಷದವರೆಗಿನ ಲೋನಿಗೆ ಬೆಲೆಯ 80% ಮಾತ್ರ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ನೀವು 60ಕ್ಕೆ ಮಾತಾಡಿದ್ದೀರಿ, ಪಾರ್ಟಿ 48 ಲಕ್ಷ ಲೋನ್ ಸಿಗುತ್ತೆ ಅಂತ ಕೂತಿದ್ದಾರೆ. ವ್ಯಾಲ್ಯುಯರ್ 56 ಅಂತ ಬರೆದರೆ ಲೋನ್ 44.8ಕ್ಕೆ ಇಳಿಯಿತು. ಉಳಿದ 3.2 ಲಕ್ಷ ಎಲ್ಲಿಂದ ತರ್ತಾರೆ? ನಿಮ್ಮ ಹತ್ತಿರವೇ ಬಂದು "ಸ್ವಲ್ಪ ಕಮ್ಮಿ ಮಾಡ್ಕೊಳಿ ಸರ್" ಅಂತಾರೆ. ಅದಕ್ಕೇ ಲೋನ್ ಪಾರ್ಟಿ ಬಂದಾಗ ಮೊದಲು ಕೇಳಬೇಕಾದ್ದು ರೇಟಲ್ಲ, "ಲೋನ್ ಸ್ಯಾಂಕ್ಷನ್ ಲೆಟರ್ ಇದೆಯಾ, ಕೈಯಿಂದ ಎಷ್ಟು ಹಾಕ್ತೀರಿ?" ಅಂತ. ಇದಕ್ಕೆ ತಟ್ಟನೆ ಉತ್ತರ ಬಂದರೆ ಅವರ 60 ನಿಜವಾದ 60. ಗೊಣಗಿದರೆ ಅದು 57 ಅಂತ ತಿಳ್ಕೊಳಿ.

ಇಷ್ಟಾದ ಮೇಲೆ ಮೊದಲನೆಯವರ ಕಡೆ ತಿರುಗಿ ನೋಡಿ. 55 ಕಮ್ಮಿಯೇ, ಅನುಮಾನ ಇಲ್ಲ. ಆದರೆ ಅವರು 58ಕ್ಕೆ ಬಂದರೆ ಕೈಗೆ 57.46 ಬರುತ್ತೆ, ಯಾವ ವ್ಯಾಲ್ಯುಯರ್ ಕಾಟವೂ ಇಲ್ಲ. 60ರ ಲೋನ್ ಪಾರ್ಟಿಗಿಂತ 1.82 ಲಕ್ಷ ಕಮ್ಮಿ, ಆದರೆ ವ್ಯವಹಾರ ಮುರಿದು ಬೀಳುವ ಭಯ ಕಮ್ಮಿ. ನಾನು ಇದನ್ನೇ ತಗೋತೀನಿ. ನಿಮಗೆ ಲೋನ್ ಇಲ್ಲ, ಅವಸರವೂ ಇಲ್ಲ ಅಂದರೆ 60 ತಗೊಳ್ಳಿ, ತಪ್ಪೇನಿಲ್ಲ.

ನಾಲ್ಕನೆಯವರು ಯಾವಾಗಲೂ ಒಬ್ಬರು ಇರ್ತಾರೆ: "64 ಕೊಡ್ತೀನಿ, ಆದರೆ 25 ಕ್ಯಾಷ್." ಇವರನ್ನು ಹಾಳೆಗೇ ಹತ್ತಿಸಬೇಡಿ. ಮನೆ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು, ಆ ದುಡ್ಡಿನಲ್ಲಿ ನಿಮ್ಮ ಲೋನೂ ತೀರಲ್ಲ, ಮುಂದಿನ ಮನೆಯೂ ಕೊಳ್ಳೋಕಾಗಲ್ಲ.

ಕಮ್ಮಿ ಕೇಳಿದ್ದು ಯಾಕೆ ಅಂತ ಮೊದಲು ತಿಳ್ಕೊಳಿ

ಕಮ್ಮಿ ರೇಟು ಕೇಳೋರೆಲ್ಲ ಒಂದೇ ಥರ ಇರಲ್ಲ. ಕೆಲವರು ಸುಮ್ನೆ ಗಾಳ ಹಾಕ್ತಾರೆ, ಮನೆ ನೋಡದೆಯೇ ಫೋನಲ್ಲಿ "ಲಾಸ್ಟ್ ಎಷ್ಟು?" ಅಂತಾರೆ. ಹತ್ತು ಜನಕ್ಕೆ ಹಾಗೇ ಕೇಳಿರ್ತಾರೆ. ಇವರಿಗೆ ನಿಮ್ಮ ಲಾಸ್ಟ್ ರೇಟು ಹೇಳಲೇಬೇಡಿ, "ಮನೆ ನೋಡಿ, ಆಮೇಲೆ ಕೂತು ಮಾತಾಡೋಣ" ಅಂದರೆ ಮುಕ್ಕಾಲು ಜನ ಮತ್ತೆ ಫೋನ್ ಮಾಡಲ್ಲ.

ಇನ್ನು ಕೆಲವರು ಕಾಗದ ನೋಡಿ ಕಮ್ಮಿ ಕೇಳ್ತಾರೆ. ಇವರ ಜೊತೆ ರೇಟಿನ ಜಗಳ ಮಾಡೋದು ದಂಡ, ಕಾಗದ ಸರಿ ಮಾಡ್ಕೊಳ್ಳೋದೇ ದಾರಿ. ಇ-ಖಾತಾ (ಪಾಲಿಕೆ ಕೊಡೋ ಡಿಜಿಟಲ್ ಖಾತಾ) ಇಲ್ಲದೆ ಈಗ ಬೆಂಗಳೂರಿನಲ್ಲಿ ರಿಜಿಸ್ಟ್ರೇಷನ್ ಆಗಲ್ಲ. ಬಿ ಖಾತಾ, ಅಂದರೆ ಪೂರ್ತಿ ಕ್ರಮಬದ್ಧ ಅಲ್ಲದ ಆಸ್ತಿಯ ಖಾತಾ ಆಗಿದ್ದರೆ ಎಷ್ಟೋ ಬ್ಯಾಂಕು ಲೋನೇ ಕೊಡಲ್ಲ, ಹಾಗಾಗಿ ನಿಮಗೆ ಲೋನ್ ಪಾರ್ಟಿಯೇ ಬರಲ್ಲ, ದುಡ್ಡು ರೆಡಿ ಇರೋರು ಮಾತ್ರ ಬರ್ತಾರೆ, ಅವರಿಗೆ ಅದು ಚೆನ್ನಾಗಿ ಗೊತ್ತು. ಇಸಿಯಲ್ಲಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸೋ ಪತ್ರ) ಹಳೇ ಲೋನ್ ಇನ್ನೂ ಕಾಣ್ತಿದೆ, ತಾಯಿಯ ಹೆಸರಲ್ಲಿದ್ದ ಪಾಲು ಇನ್ನೂ ಬಿಡುಗಡೆ ಆಗಿಲ್ಲ, ಇಂಥದ್ದಿದ್ದರೆ ಮಾರ್ಕೆಟ್ ಏಳಲಿ ಅಂತ ಕಾಯೋದು ದಡ್ಡತನ. ಮಾರ್ಕೆಟ್ ಎದ್ದರೂ ಆ ಕಾಗದ ಎದ್ದು ನಿಲ್ಲಲ್ಲ.

ವಾಸ್ತು ಹೇಳಿ ಕಮ್ಮಿ ಕೇಳೋರು ಬೇರೆ. ದಕ್ಷಿಣದ ಬಾಗಿಲು, ಈಶಾನ್ಯದಲ್ಲಿ ಟಾಯ್ಲೆಟ್ಟು ಅಂತೆಲ್ಲ. ರೇಟು ಏರುವಾಗ ಯಾರೂ ದಿಕ್ಸೂಚಿ ತರಲ್ಲ, ಇಳಿಯುವಾಗ ಎಲ್ಲರ ಜೇಬಲ್ಲೂ ಇರುತ್ತೆ. ವಾದ ಮಾಡಬೇಡಿ. ನಿಜವಾಗಿ ನಂಬೋರಾದರೆ ಎಷ್ಟು ಕಮ್ಮಿ ಮಾಡಿದರೂ ಕೊಳ್ಳಲ್ಲ, ನಂಬದೆ ಇರೋರಾದರೆ ನೀವು ಕಮ್ಮಿ ಮಾಡಬೇಕಿಲ್ಲ.

ಕೊಳ್ಳೋರ ಕಡೆಯ ಲೆಕ್ಕವೂ ಒಂದಿಷ್ಟು ಗೊತ್ತಿರಲಿ. 45 ಲಕ್ಷ ದಾಟಿದರೆ 5% ಸ್ಟಾಂಪ್ ಡ್ಯೂಟಿ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಮತ್ತೆ ನೋಂದಣಿ ಶುಲ್ಕ. ಇದು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ಎಲ್ಲ ಸೇರಿ ಸುಮಾರು ಏಳೂವರೆ ಪರ್ಸೆಂಟ್. 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷ, ಇದಕ್ಕೆ ಬ್ಯಾಂಕೂ ಲೋನ್ ಕೊಡಲ್ಲ. ಅವರು ಕಮ್ಮಿ ಕೇಳೋದೆಲ್ಲ ನಿಮ್ಮನ್ನು ಅವಮಾನ ಮಾಡೋಕೆ ಅಂತ ಅಂದುಕೊಂಡರೆ, ನನ್ನ ಹಾಗೆ ಬೈದು ಕಳಿಸ್ತೀರಿ.

ತಿರುಗಿ ರೇಟು ಹೇಳೋದು ಹೇಗೆ

ನನ್ನ ಪ್ರಕಾರ ಕಮ್ಮಿ ಕೇಳಿದವರಿಗೆ ಅಲ್ಲೇ ಉತ್ತರ ಕೊಡಬಾರದು. "ಮನೇಲಿ ಮಾತಾಡಿ ನಾಳೆ ಹೇಳ್ತೀನಿ" ಅನ್ನಿ. ಮರುದಿನ ಫೋನ್ ಮಾಡಿ ಒಂದು ರೇಟು ಹೇಳಿ, ಜೊತೆಗೆ ಅದಕ್ಕೊಂದು ಕಾರಣ ಕೊಡಿ. "ಕೆಳಗಿನದು 56ಕ್ಕೆ ಹೋಗಿದೆ, ನಮ್ಮದಕ್ಕೆ ಕವರ್ಡ್ ಪಾರ್ಕಿಂಗ್ ಇದೆ, ವಾರ್ಡ್‌ರೋಬು ಮಾಡಿಸಿದೆ, 59" ಅಂದರೆ ಅವರು ಅದರ ಮೇಲೆ ಮಾತಾಡಬಹುದು. ಬರೀ "65ಕ್ಕೆ ಕಮ್ಮಿ ಇಲ್ಲ" ಅಂದರೆ ಮಾತು ಅಲ್ಲಿಗೇ ನಿಂತಿತು.

ಇಲ್ಲಿ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಕಟ್ಟಿದ ಕನಿಷ್ಠ ರೇಟು, ನಿಮಗೆ ಒಳ್ಳೆ ಊರುಗೋಲು. ಕರ್ನಾಟಕದಲ್ಲಿ ಅದನ್ನು 2023ರ ಅಕ್ಟೋಬರ್‌ನಲ್ಲಿ ಏರಿಸಿದರು. ಮಾರ್ಕೆಟ್ ಇಳಿದ ತಕ್ಷಣ ಅದು ಇಳಿಯಲ್ಲ. ಹಾಗಾಗಿ ಕೆಲವು ಏರಿಯಾದಲ್ಲಿ ಕೇಳುವ ರೇಟು ಸರ್ಕಾರದ ರೇಟಿಗಿಂತ ಕೆಳಗೆ ಹೋಗಬಹುದು. ಆಗ ಸ್ಟಾಂಪ್ ಡ್ಯೂಟಿ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೇ. ಇನ್‌ಕಮ್ ಟ್ಯಾಕ್ಸಿನವರು 10% ವ್ಯತ್ಯಾಸ ಬಿಡ್ತಾರೆ, ಅದಕ್ಕಿಂತ ಕೆಳಗೆ ಹೋದರೆ ಇಬ್ಬರಿಗೂ ಬರೆ: ಮಾರುವವರಿಗೆ ಸರ್ಕಾರದ ರೇಟಿಗೇ ಮಾರಿದ ಹಾಗೆ ಲೆಕ್ಕ ಹಾಕ್ತಾರೆ, ಕೊಳ್ಳೋರಿಗೆ ಆ ವ್ಯತ್ಯಾಸವನ್ನು ಆದಾಯ ಅಂತ ಸೇರಿಸ್ತಾರೆ. ಗೈಡೆನ್ಸ್ ವ್ಯಾಲ್ಯೂ ಪ್ರಕಾರ ಮನೆ 60 ಲಕ್ಷ ಆಗುತ್ತೆ ಅಂದುಕೊಳ್ಳಿ, 54 ಲಕ್ಷ 55 ಸಾವಿರದ ಆಸುಪಾಸೇ ಗೆರೆ. ಅದಕ್ಕಿಂತ ಕೆಳಗೆ ಕೇಳುವವರಿಗೆ "ಇದರ ಕೆಳಗೆ ಹೋದರೆ ನಿಮಗೇ ಟ್ಯಾಕ್ಸ್ ಬೀಳುತ್ತೆ" ಅಂತ ಹೇಳಿ, ಅವರ ಆಡಿಟರ್ ಹತ್ತಿರವೇ ಕೇಳೋಕೆ ಹೇಳಿ. ನೀವು ಹಟ ಮಾಡ್ತಿದ್ದೀರಿ ಅಂತ ಅವರಿಗೆ ಅನ್ನಿಸಲ್ಲ. ಗುದ್ದಾಡದೆ ತಳ ಸಿಕ್ಕ ಹಾಗಾಯಿತು.

ರೇಟು ಬಿಡದೆ ಬೇರೆ ಏನಾದರೂ ಬಿಡೋದು ಇನ್ನೊಂದು ದಾರಿ, ಇದನ್ನು ನಮ್ಮವರು ಅಷ್ಟಾಗಿ ಮಾಡಲ್ಲ. ಫ್ರಿಜ್ಜು, ವಾಷಿಂಗ್ ಮಷೀನು, ಗೀಸರ್ ಬಿಟ್ಟುಹೋಗೋದು. ಪೇಂಟ್ ಮಾಡಿಸಿ ಕೊಡೋದು. ಅವರ ಬಾಡಿಗೆ ಮನೆ ಅವಧಿ ಮುಗಿಯುವವರೆಗೆ ರಿಜಿಸ್ಟ್ರೇಷನ್ ಮುಂದಕ್ಕೆ ಹಾಕೋದು. ಇವೆಲ್ಲ ನಿಮಗೆ ಕಮ್ಮಿ ಖರ್ಚು, ಅವರಿಗೆ ದೊಡ್ಡ ಉಪಕಾರ.

ಇನ್ನು ಬೋರ್ಡಿನ ಮೇಲಿನ ರೇಟು. ನಾನು 68ನ್ನು 67, 66, 64.5 ಅಂತ ತಿಂಗಳಿಗೊಮ್ಮೆ ಇಳಿಸಿದೆ. ಆನ್‌ಲೈನ್‌ನಲ್ಲಿ ನೋಡ್ತಿದ್ದೋರಿಗೆಲ್ಲ ಇನ್ನೂ ಇಳಿಯುತ್ತೆ ಅಂತ ಗೊತ್ತಾಗಿಹೋಯಿತು, ಕಾದರು. ಇಳಿಸೋದಾದರೆ ಒಂದೇ ಸಲ, ನೋವಾಗುವಷ್ಟು ಇಳಿಸಿ ನಿಂತುಕೊಳ್ಳಿ.

ಕಾಯೋದು, ಬಾಡಿಗೆ, ಲೀಸು

"ಇನ್ನೊಂದು ವರ್ಷ ಕಾದರೆ ಏರುತ್ತೆ" ಅನ್ನೋ ಮಾತು ನಿಜವೂ ಆಗಬಹುದು. 2021ರ ಹೊತ್ತಿಗೆ ಹೋಮ್ ಲೋನ್ ಬಡ್ಡಿ 7%ಗಿಂತ ಕೆಳಗೆ ಬಂದಿತ್ತು, ಆಫೀಸುಗಳು ಮತ್ತೆ ತೆರೆದ ಮೇಲೆ ರಿಂಗ್ ರೋಡ್ ಸುತ್ತ ಬಾಡಿಗೆ ಹೇಗೆ ಹಾರಿತು ಅಂತ ಬೆಂಗಳೂರಿನಲ್ಲಿ ಇದ್ದವರಿಗೆಲ್ಲ ಗೊತ್ತು. ನಾನು ಎರಡು ವರ್ಷ ಕಾದಿದ್ದರೆ ಚೆನ್ನಾಗಿರ್ತಿತ್ತು. ಆದರೆ 36,000ದ ಲೆಕ್ಕದಲ್ಲಿ ಎರಡು ವರ್ಷಕ್ಕೆ 8,64,000 ಆಗುತ್ತೆ. ಖಾಲಿ ಮನೆಯ ಜೊತೆ ಅಷ್ಟು ದಿನ ಕಾಯೋ ಶಕ್ತಿ ನನಗಿರಲಿಲ್ಲ. ಲೋನ್ ಇಲ್ಲದ ಮನೆಗೆ ಕಾಯೋದು ಬೇರೆ, ಲೋನ್ ಇರೋ ಮನೆಗೆ ಕಾಯೋದು ಬೇರೆ.

ಬಾಡಿಗೆಗೆ ಬಿಟ್ಟರೆ ಆ ಖರ್ಚು ಅರ್ಧಕ್ಕೆ ಇಳಿಯಬಹುದು. ಆದರೆ ವಾಸಕ್ಕೆ ಕೊಳ್ಳೋರು ಬಾಡಿಗೆದಾರರು ಇರೋ ಮನೆ ಕಂಡರೆ ಹಿಂದೆ ಸರೀತಾರೆ, ನೋಡೋಕೆ ಬಂದಾಗ ಅಡುಗೆಮನೆ ತುಂಬ ಇನ್ನೊಬ್ಬರ ಪಾತ್ರೆ ಇರುತ್ತೆ, ಬಾಡಿಗೆದಾರರು ಬಾಗಿಲು ತೆಗೆಯೋ ಮುಖದಲ್ಲೇ ಅರ್ಧ ರೇಟು ಬೀಳುತ್ತೆ. ಎರಡು ವರ್ಷ ಮಾರೋದೇ ಇಲ್ಲ ಅಂತ ಗಟ್ಟಿ ಮಾಡ್ಕೊಂಡರೆ ಮಾತ್ರ ಬಾಡಿಗೆಗೆ ಬಿಡಿ. ಬಾಡಿಗೆಯೂ ಬೇಕು, ಪಾರ್ಟಿ ಬಂದರೆ ಮಾರಾಟವೂ ಬೇಕು ಅಂದರೆ ಎರಡೂ ಕೆಡುತ್ತೆ.

ಲೀಸಿಗೆ ಹಾಕೋದು, ಅಂದರೆ ತಿಂಗಳ ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ತಗೊಂಡು ಮನೆ ಕೊಡೋದು, ನಮ್ಮ ಬೆಂಗಳೂರಿನ ಹಳೇ ಚಟ. 15 ಲಕ್ಷ ಒಟ್ಟಿಗೆ ಬರುತ್ತೆ, ಲೋನ್ ಸ್ವಲ್ಪ ತೀರಿಸಬಹುದು, ಸರಿ. ಆದರೆ ಮಾರುವ ದಿನ ಆ 15 ಲಕ್ಷ ವಾಪಸ್ ಕೊಡಬೇಕು. ರೇಟು ಇನ್ನೂ ಇಳಿದು, ಆ ದುಡ್ಡು ಮಗಳ ಮದುವೆಗೋ ಅಂಗಡಿಗೋ ಹೋಗಿದ್ದರೆ, ಲೀಸಿನವರೇ ನಿಮ್ಮ ಮನೆಗೆ ಅತ್ಯಂತ ಕಮ್ಮಿ ರೇಟು ಕೇಳುವ ಪಾರ್ಟಿ ಆಗ್ತಾರೆ. ಬೇಡ.

ಕಮ್ಮಿ ರೇಟಿಗೆ ಮಾರೋದು ನಷ್ಟವೇ ಅಲ್ಲದ ಸಂದರ್ಭವೂ ಒಂದಿದೆ: ಅದೇ ಊರಿನಲ್ಲಿ ದೊಡ್ಡ ಫ್ಲ್ಯಾಟಿಗೆ ಹೋಗ್ತಿದ್ದರೆ. 68ರದ್ದು 57ಕ್ಕೆ ಹೋದರೆ ಸುಮಾರು 16% ಇಳಿಕೆ, 11 ಲಕ್ಷ ಹೋಯಿತು. ನೀವು ಕೊಳ್ಳಬೇಕಿದ್ದ 1.10 ಕೋಟಿಯ ಮನೆಯೂ ಅಷ್ಟೇ ಇಳಿದಿದ್ದರೆ ಅಲ್ಲಿ ಹದಿನೇಳೂವರೆ ಲಕ್ಷದಷ್ಟು ಉಳಿಯುತ್ತೆ. ಸೈಟಿಗೆ ಈ ಲೆಕ್ಕ ನಡೆಯಲ್ಲ, ಸೈಟಿನ ಓನರ್‌ಗಳು ರೇಟು ಇಳಿಸೋ ಬದಲು ಬೋರ್ಡು ಇಳಿಸಿ ಸುಮ್ಮನಾಗ್ತಾರೆ.

ವಿದೇಶದಲ್ಲಿ ಇರೋ ಕನ್ನಡಿಗರಿಗೆ ಒಂದು ಮಾತು. ಇಲ್ಲಿ ಇರೋರು ಮಾರಿದರೆ, 50 ಲಕ್ಷ ಮತ್ತು ಮೇಲ್ಪಟ್ಟ ವ್ಯವಹಾರಕ್ಕೆ ಕೊಳ್ಳೋರು ಹಿಡಿಯೋದು 1% ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ). ಎನ್‌ಆರ್‌ಐ ಮಾರಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡೀಬೇಕು, ಆ ತಲೆನೋವಿಗೇ ಪಾರ್ಟಿ ರೇಟು ಇಳಿಸಿ ಕೇಳ್ತಾರೆ. ಟಿಡಿಎಸ್ ಕಮ್ಮಿ ಹಿಡಿಯೋಕೆ ಇನ್‌ಕಮ್ ಟ್ಯಾಕ್ಸ್ ಸರ್ಟಿಫಿಕೇಟ್ ಮೊದಲೇ ತೆಗೆದಿಟ್ಟುಕೊಂಡರೆ ಆ ನೆಪ ತಪ್ಪುತ್ತೆ.

ಯಾವ ತಿಂಗಳು ಕೇಳಿದರು ಅನ್ನೋದನ್ನೂ ನೋಡಿ

ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ನಮ್ಮಲ್ಲಿ ಮನೆ ನೋಡೋರೇ ಕಮ್ಮಿ. ಆ ತಿಂಗಳು ಬಂದು ಕಮ್ಮಿ ಕೇಳೋರಿಗೆ ಪೈಪೋಟಿ ಇಲ್ಲ ಅಂತ ಗೊತ್ತಿರುತ್ತೆ. ನನ್ನ 55ರ ಪಾರ್ಟಿ ಬಂದದ್ದು ಪಿತೃಪಕ್ಷದಲ್ಲಿ, ಅದಾದ ಬೆನ್ನಿಗೇ ಆ ವರ್ಷ ಅಧಿಕ ಮಾಸ, ಅಕ್ಟೋಬರ್ ಅರ್ಧದವರೆಗೆ. ಅಂಥ ಹೊತ್ತಲ್ಲಿ ಬಂದವರನ್ನು ಮಾತಲ್ಲಿ ಹಿಡಿದಿಟ್ಟುಕೊಂಡು ಒಂದು ತಿಂಗಳು ಎಳೆಯಿರಿ, ಶ್ರಾವಣವೋ ಸಂಕ್ರಾಂತಿಯೋ ಬಂದು ಇನ್ನಿಬ್ಬರು ನೋಡಿಕೊಂಡು ಹೋದರೆ ಅವರೇ ಒಂದೆರಡು ಲಕ್ಷ ಏರ್ತಾರೆ. ಅದಕ್ಕಿಂತ ಜಾಸ್ತಿ ಎಳೆಯೋದು ಅವರು ಕೆಳಗಿನ ಮಹಡಿಗೆ ಇಳಿಯೋ ಅಪಾಯ.

ರೇಟು ಒಪ್ಪಿದ ದಿನವೇ ಅಗ್ರಿಮೆಂಟ್ ಮಾಡಿ, ಸುಮಾರು 10% ಅಡ್ವಾನ್ಸ್ ಬ್ಯಾಂಕಿನ ಮೂಲಕ ತಗೊಳ್ಳಿ, ಎಷ್ಟು ದಿನದೊಳಗೆ ರಿಜಿಸ್ಟ್ರೇಷನ್, ಆಗದಿದ್ದರೆ ಅಡ್ವಾನ್ಸ್ ಏನಾಗುತ್ತೆ ಅಂತ ಬರೆಸಿ. ನಿಮ್ಮ ಲೋನ್ ತೀರಿದ ಮೇಲೆ ಒರಿಜಿನಲ್ ಕಾಗದಗಳನ್ನು ಬ್ಯಾಂಕು 30 ದಿನದೊಳಗೆ ಕೊಡಬೇಕು ಅಂತ ನಿಯಮ ಇದೆ, ಆ ದಿನಗಳನ್ನೂ ಅವಧಿಯಲ್ಲಿ ಸೇರಿಸಿ. ಇಳಿಯುವ ಮಾರ್ಕೆಟ್ಟಿನಲ್ಲಿ ಈ ಕಾಗದ ಇಲ್ಲದಿದ್ದರೆ ರಿಜಿಸ್ಟ್ರೇಷನ್ ಹಿಂದಿನ ದಿನ ಇನ್ನೊಮ್ಮೆ ಚೌಕಾಸಿ ಶುರುವಾಗುತ್ತೆ.

ನನಗೂ ಆಯಿತು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಹಿಂದಿನ ರಾತ್ರಿ ಫೋನ್ ಬಂತು, ಬಾತ್‌ರೂಮಿನ ಗೋಡೆಯಲ್ಲಿ ತೇವ ಇದೆ, ಒಂದು ಲಕ್ಷ ಕಮ್ಮಿ ಮಾಡಿ ಅಂತ. ಅಗ್ರಿಮೆಂಟ್ ಕೈಯಲ್ಲಿತ್ತು, ಹಾಗಾಗಿ ಈ ಸಲ ಮೈ ಉರಿಯಲಿಲ್ಲ. "ನಾಳೆ ಬೆಳಗ್ಗೆ ಹೇಳ್ತೀನಿ" ಅಂದೆ. ಬೆಳಗ್ಗೆ ಹಳೇ ಸೋಫಾ, ಇನ್ವರ್ಟರು, ಎರಡು ಫ್ಯಾನು ಬಿಟ್ಟುಹೋಗ್ತೀನಿ, ರೇಟು ಅಷ್ಟೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ವರ್ಟರ್ ಬ್ಯಾಟರಿ ಹೊಸದಾ?" ಅಂತ ಕೇಳಿದರು. ಹನ್ನೊಂದು ಗಂಟೆಗೆ ಸಹಿ ಆಯಿತು.